ಲ್ಯಾಪ್‌ಟಾಪ್ ಅರ್ಧ ತಾಸಿನ್ಯಾಗ ಕಾದು ತಾನಾಗಿ ಬಂದ್ ಆಗತೈತಿ, ಮದರ್‌ಬೋರ್ಡ್ ಹೋಗೇತೇನ್ರಿ?

ಈಗ್ಲೇ ಮದರ್‌ಬೋರ್ಡ್ ಅಂತ ತಲಿ ಕೆಡಿಸ್ಕೋಬ್ಯಾಡ್ರಿ. ಅರ್ಧ ತಾಸು ಚಲೋ ನಡದು ಆಮ್ಯಾಲ ಕಾದು ಬಂದ್ ಆಗಾಕತ್ತೈತಿ ಅಂದ್ರ ಬಾಳ ಮಾಡಿ ಧೂಳಿಂದ ಕಾಟ ಅದು, ನಮ್ಮ ವಿಜಯಪುರದ ಬ್ಯಾಸಗಿ ಅಂದ್ರ 40 ಡಿಗ್ರಿ ದಾಟತೈತಿ, ಅದರಾಗ ಫ್ಯಾನಿಗೂ ಹೀಟ್‌ಸಿಂಕಿಗೂ (ಪ್ರೊಸೆಸರಿನ ಕಾವು ಹೀರಿ ಹೊರಗ ಬಿಡೂ ಲೋಹದ ಭಾಗ) ನಡುವ ಧೂಳು ಕೂತು ಗಾಳಿ ಹೊರಗ ಹೋಗಾಕ ದಾರಿನ ಇರಂಗಿಲ್ಲ, ಪ್ರೊಸೆಸರ್ 100 ಡಿಗ್ರಿ ಸಮೀಪ ಹೋತಂದ್ರ ಸುಡಬಾರದಂತ ತಾನಾಗಿ ಬಂದ್ ಆಗತೈತಿ.

ಗಾಳಿ ಬರೂ ಕಡೆ ಕೈ ಹಿಡದು ನೋಡ್ರಿ. ಸಪ್ಪಳ ಜೋರೈತಿ, ಗಾಳಿ ಇಲ್ಲ ಅಂದ್ರ ಧೂಳು. ಸಪ್ಪಳನೂ ಇಲ್ಲಂದ್ರ ಫ್ಯಾನ್ ಹೋಗಿರಬೇಕು, ಹೊಸಾದು ಹಾಕಸ್ರಿ.

ಸ್ವಚ್ಛ ಮಾಡೂದಿದ್ರ ಚಾರ್ಜರ್ ತಗದು, ಕೆಳಗಿನ ಕವರ್ ಬಿಚ್ಚಿ, ಎಲ್ಲಾಕ್ಕಿಂತ ಮೊದಲ ಬ್ಯಾಟರಿ ಕನೆಕ್ಟರ್ ಬಿಡಸ್ರಿ, ಇದನ್ನ ಮಾತ್ರ ಮರೀಬ್ಯಾಡ್ರಿ. ಫ್ಯಾನಿನ ರೆಕ್ಕಿ ತಿರಗದಂಗ ಬೆರಳಲೆ ಹಿಡದು ಮೆತ್ತನ ಬ್ರಶ್‌ಲೆ ಧೂಳು ತಗೀರಿ. ಮಷಿನ್ ನಾಕೈದು ವರ್ಷದ್ದಿದ್ರ ಥರ್ಮಲ್ ಪೇಸ್ಟ್ (ಪ್ರೊಸೆಸರಿಗೂ ಹೀಟ್‌ಸಿಂಕಿಗೂ ನಡುವ ಕಾವು ಸಾಗಸಾಕ ಹಚ್ಚೂ ಲೇಪ) ಒಣಗಿರತೈತಿ, ಹಳೇದನ್ನ ಐಸೊಪ್ರೊಪೈಲ್ ಆಲ್ಕೊಹಾಲ್‌ಲೆ ಒರಸಿ ಒಂದು ಬಟಾಣಿ ಕಾಳಿಗಿಂತ ಸಣ್ಣ ಹನಿ ಹೊಸಾದು ಹಾಕಿದ್ರ ಸಾಕು.

ಹಾಂ, ಟಚ್‌ಪ್ಯಾಡ್ ಮ್ಯಾಲೆದ್ದಂಗ ಕಂಡ್ರ ಬ್ಯಾಟರಿ ಉಬ್ಬಿರತೈತಿ. ಅದನ್ನ ಒತ್ತಬ್ಯಾಡ್ರಿ, ಚುಚ್ಚಬ್ಯಾಡ್ರಿ, ಚಾರ್ಜಿಗೂ ಹಚ್ಚಬ್ಯಾಡ್ರಿ, ಬೆಂಕಿ ಹತ್ತತೈತಿ, ಸೀದಾ ರಿಪೇರಿ ಅಂಗಡಿಗೆ ಒಯ್ರಿ.