ಎರಡಕ್ಷರಕ್ಕೆ 62 ಪಾಯಿಂಟ್: ರಾಯರ ತಕರಾರಿಗೆ ಉತ್ತರ

ಡೊಂಬಿವಲಿಯ ರಾಯರೇ,

ನಿಮ್ಮ ಪತ್ರ ಬಂತು. ನಾಲ್ಕು ಪುಟ. ಅದರಲ್ಲಿ ಮೂರು ಪುಟ ಮೊಮ್ಮಗಳ ಮೇಲಿನ ದೂರು!

ಬೇರೆ ಓದುಗರಿಗಾಗಿ ಚಿಕ್ಕದಾಗಿ ಹೇಳಿಬಿಡುತ್ತೇನೆ. ರಾಯರು ಬ್ಯಾಂಕಿನಿಂದ ರಿಟೈರ್ ಆದವರು. ರಜೆಗೆ ಬಂದ ಮೊಮ್ಮಗಳ ಜೊತೆ ಸ್ಕ್ರ್ಯಾಬಲ್ ಆಡುತ್ತಾರೆ. ಇಂಗ್ಲಿಷ್ ಅಕ್ಷರದ ಬಿಲ್ಲೆಗಳನ್ನು ಮನೆ ಮನೆ ಹಾಕಿದ ಹಲಗೆಯ ಮೇಲೆ ಜೋಡಿಸಿ ಪದ ಕಟ್ಟುವ ಆಟ, ಒಂದೊಂದು ಅಕ್ಷರಕ್ಕೆ ಒಂದೊಂದು ಬೆಲೆ. ಕೆಲಸದಲ್ಲಿ ಇದ್ದಷ್ಟು ದಿನ ಇಂಗ್ಲಿಷಿನಲ್ಲೇ ಕಾಗದ ಬರೆದವರನ್ನು ಒಂಬತ್ತನೇ ಕ್ಲಾಸಿನ ಹುಡುಗಿ ದಿನಾ ಸೋಲಿಸುತ್ತಾಳೆ. ಅದೂ 'ಕ್ಯೂ-ಐ', 'ಝೆಡ್-ಎ' ಅಂತ ಎರಡೆರಡು ಅಕ್ಷರ ಇಟ್ಟು. ಮೊನ್ನೆ ಕ್ಯೂ ಬಿಲ್ಲೆ ಒಂದನ್ನೇ ಇಟ್ಟು 62 ಪಾಯಿಂಟ್ ಎತ್ತಿದಳಂತೆ. "ಇವೂ ಪದಗಳೇ? ಮನೆಮಟ್ಟಿಗೆ ಇವನ್ನು ನಿಷೇಧ ಮಾಡಬಹುದಾ?" ಇದು ರಾಯರ ಪ್ರಶ್ನೆ.

ಮೊದಲು ಲೆಕ್ಕ ನೋಡೋಣ, ನೀವು ಲೆಕ್ಕದವರು. ಕ್ಯೂಗೆ 10. ಅಕ್ಷರದ ಬೆಲೆ ಮೂರು ಪಟ್ಟಾಗುವ ಮನೆಯಲ್ಲಿ ಇಟ್ಟರೆ 30. ಅದರ ಬಲಕ್ಕೊಂದು ಐ, ಕೆಳಗೊಂದು ಐ ಮೊದಲೇ ಕೂತಿದ್ದರೆ ಅಡ್ಡಕ್ಕೆ 31, ಉದ್ದಕ್ಕೆ 31. ಒಟ್ಟು 62. ಹುಡುಗಿ ಮೋಸ ಮಾಡಿಲ್ಲ. ಆ ಜಾಗವನ್ನು ಬಾಗಿಲು ತೆಗೆದಿಟ್ಟು ಕೊಟ್ಟವರು ನೀವೇ ಇರಬೇಕು, ನೆನಪು ಮಾಡಿಕೊಳ್ಳಿ.

ಇನ್ನು 'ಎರಡಕ್ಷರದ್ದು ಪದವೇ ಅಲ್ಲ' ಅನ್ನುವ ಮಾತು. ಕನ್ನಡದವರ ಬಾಯಲ್ಲಿ ಈ ಮಾತು ಬರಬಾರದು ರಾಯರೇ. ನಮ್ಮಲ್ಲಿ ಒಂದೇ ಅಕ್ಷರ ಸಾಕು. ಕೈ, ಮೈ, ಹೂ, ಬಾ, ತಾ. ಹಸು ಈದರೆ ಆ 'ಈ' ಕೂಡ ಒಂದು ಧಾತು. ಹಾಗಿರುವಾಗ ಇಂಗ್ಲಿಷಿನವರು ಎರಡು ಬಿಲ್ಲೆ ಖರ್ಚು ಮಾಡಿದರೆ ನಮಗೇನು ಕಷ್ಟ?

ನಿಮ್ಮ ಕೋಪದ ಮೂಲ ಬೇರೆ ಅಂತ ನನ್ನ ಅನುಮಾನ. ಆ ಪದಗಳ ಅರ್ಥ ನಿಮಗೆ ಯಾರೂ ಹೇಳಿಲ್ಲ. ಮಕ್ಕಳು ಆಟದಲ್ಲಿ ನಡೆಯುವ ಪದಗಳ ಪಟ್ಟಿ ಉರುಹೊಡೆಯುತ್ತಾರೆ, ಇಡುತ್ತಾರೆ, ಪಾಯಿಂಟ್ ಬರೆದುಕೊಳ್ಳುತ್ತಾರೆ. ಅರ್ಥ ಗೊತ್ತಾದರೆ ಇವು ತಾವಾಗಿಯೇ ನೆನಪಿರುತ್ತವೆ.

ಕ್ಯೂ-ಐ ಅನ್ನು 'ಚೀ' ಅನ್ನಬೇಕು. ಚೀನೀಯರ ನಂಬಿಕೆಯಲ್ಲಿ ಮೈಯೊಳಗೆ ಹರಿಯುವ ಜೀವಶಕ್ತಿ. ನಮ್ಮವರು ಪ್ರಾಣ ಅನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಝೆಡ್-ಎ ಅಂದರೆ ಪಿಜ್ಜಾದ ಬಾಲ. ಅಮೆರಿಕದ ಹುಡುಗರು ಪೂರ್ತಿ ಪಿಜ್ಜಾ ಅನ್ನಲು ಸೋಮಾರಿಗಳಾಗಿ ಬಾಲ ಮಾತ್ರ ಉಳಿಸಿಕೊಂಡರು. ಅಲ್ಲಿನ ಆಟದ ಪಟ್ಟಿಗೆ ಈ ಎರಡೂ ಸೇರಿದ್ದು 2006ರಲ್ಲಿ. ಎಕ್ಸ್-ಯು ವಿಯೆಟ್ನಾಮಿನ ಹಳೇ ಚಿಲ್ಲರೆ ಕಾಸು, ನೂರು ಸೇರಿದರೆ ಒಂದು ಡಾಂಗ್ ಆಗುತ್ತಿತ್ತು. ಜೆ-ಓ ಸ್ಕಾಟ್ಲೆಂಡಿನವರ 'ನಲ್ಲೆ'. ಓ-ಇ ಫ್ಯಾರೋ ದ್ವೀಪಗಳ ಕಡೆ ಏಳುವ ಸುಂಟರಗಾಳಿ.

ಎ-ಎ ನನಗೆ ತುಂಬ ಇಷ್ಟ. ಹವಾಯಿಯ ಪದ. ಉರಿದು ಆರಿದ ಮೇಲೆ ಕಿಟ್ಟದ ಹಾಗೆ ಒರಟಾಗಿ ನಿಲ್ಲುವ ಲಾವಾ. ಪುಣೆಗೆ ಹೋಗುವಾಗ ಖಂಡಾಲಾ ಘಾಟಿನಲ್ಲಿ ರೈಲಿನ ಕಿಟಕಿಯಿಂದ ಕಪ್ಪು ಬಂಡೆ ಕಾಣುತ್ತದಲ್ಲ, ಅದೂ ಹಳೇ ಲಾವಾನೇ. ಈ ದಖನ್ ಬಂಡೆಗಳ ಬಗ್ಗೆ ಬರೆಯುವಾಗ ಭೂವಿಜ್ಞಾನಿಗಳೂ ಇದೇ ಹವಾಯಿ ಪದ ಬಳಸುತ್ತಾರೆ. ಸ್ವರವೇ ಇಲ್ಲದ ಸಿ-ಡಬ್ಲ್ಯು-ಎಂ ಇನ್ನೊಂದು. ಓದುವುದು 'ಕೂಮ್'. ವೇಲ್ಸ್ ಭಾಷೆಯಲ್ಲಿ ಕಣಿವೆ. ಎವರೆಸ್ಟ್ ಹತ್ತುವವರು ದಾಟುವ ವೆಸ್ಟರ್ನ್ ಕೂಮ್ ಇದೇ ಪದ. ಬ್ರಿಟಿಷ್ ಪರ್ವತಾರೋಹಿ ಮ್ಯಾಲರಿ 1921ರಲ್ಲಿ ಇಟ್ಟ ಹೆಸರು.

ಕ್ಯೂ ಬಂದಾಗ ಯು ಹುಡುಕಿಕೊಂಡು ಕೂರಬೇಡಿ. ಯು ಇಲ್ಲದ ಕ್ಯೂ ಪದಗಳಲ್ಲಿ ಹಲವು ಪಶ್ಚಿಮ ಏಷ್ಯಾ ಕಡೆಯವು. ಕ್ಯೂ-ಎ-ಟಿ ಅಂದರೆ ಯೆಮನ್‌ನಲ್ಲಿ ಜನ ಅಗಿಯುವ ಎಲೆ, ಮಧ್ಯಾಹ್ನದ ಊಟ ಆದ ಮೇಲೆ ಬಾಯಿಗೆ ಬೀಳುವಂಥದ್ದು. ಕ್ಯೂ-ಎ-ಎನ್-ಎ-ಟಿ, ಕನಾತ್, ನೆಲದಡಿ ನೀರು ಹರಿಸುವ ಸುರಂಗ. ಬೀದರಿನ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅಲ್ಲಿನ ನೌಬಾದ್ ಸುರಂಗ ಬಾವಿ ಇದೇ ಜಾತಿಯದು.

ನಮ್ಮ ಅಡುಗೆಮನೆಯೂ ಆ ಡಿಕ್ಷನರಿಯೊಳಗೆ ಕೂತಿದೆ ಅನ್ನುವುದನ್ನು ಮೊಮ್ಮಗಳಿಗೆ ನೀವು ಹೇಳಿ. ತುಪ್ಪವನ್ನು ಜಿ-ಎಚ್-ಐ ಅಂತಲೂ ಇಡಬಹುದು, ಜಿ-ಎಚ್-ಇ-ಇ ಅಂತಲೂ ಇಡಬಹುದು. ಬೇಳೆಗೆ ಡಿ-ಎ-ಎಲ್ ಇದೆ, ನಡುವೆ ಒಂದು ಎಚ್ ತುರುಕಿದರೂ ನಡೆಯುತ್ತದೆ. ಟಿ-ಐ-ಎಲ್ ಎಳ್ಳು. ಎಸ್-ಇ-ಆರ್ ನಮ್ಮ ಹಳೇ ಸೇರು. ದೋಸೆಯೂ ಇದೆ, 'ಡೋಸಾ' ಅನ್ನುವ ವೇಷದಲ್ಲಿ. ಅಡಿಕೆಗೆ ಹೇಳುವ 'ಅರೇಕಾ' ನಮ್ಮ ದಕ್ಷಿಣದ್ದೇ ಮಾತು. ಪೋರ್ಚುಗೀಸರ ಬಾಯಿ ಸೇರಿ ಹಡಗು ಹತ್ತಿ ಹೋಗಿದ್ದು.

ಇಲ್ಲೊಂದು ಸ್ವಂತ ಅನುಭವ. ಮಾಟುಂಗಾದ ಗೆಳೆಯರ ಮನೆಯಲ್ಲಿ ನಾನು ಒಮ್ಮೆ ಹೆಮ್ಮೆಯಿಂದ 'ಸಾಂಬಾರ್' ಇಟ್ಟೆ. ಕೆಳಗಿನ ಹೋಟೆಲಿನಿಂದ ಇಂಗಿನ ವಾಸನೆ ಬರುತ್ತಿತ್ತು, ಅದರದೇ ಪ್ರಭಾವ. ಎದುರಿದ್ದವರು ತಕರಾರು ತೆಗೆದರು, ಡಿಕ್ಷನರಿ ಬಿಚ್ಚಿದರು. ಪದ ಇತ್ತು. ಅರ್ಥ ಮಾತ್ರ 'ದೊಡ್ಡ ಜಿಂಕೆ'! ನಮ್ಮ ಕಡವೆ. ಪಾಯಿಂಟ್ ನನಗೇ ಸಿಕ್ಕಿತು. ಆದರೆ ಆ ಮನೆಯಲ್ಲಿ ಇವತ್ತಿಗೂ ಊಟಕ್ಕೆ ಕೂತರೆ "ಸಂಪಾದಕರಿಗೆ ಸ್ವಲ್ಪ ಜಿಂಕೆ ಬಡಿಸಿ" ಅನ್ನುತ್ತಾರೆ.

ಈ ಆಟ ಮಾಡಿದವರು ಆಲ್ಫ್ರೆಡ್ ಬಟ್ಸ್ ಅಂತ. ಅಮೆರಿಕದ 1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಆರ್ಕಿಟೆಕ್ಟ್. ಪತ್ರಿಕೆಯ ಮುಖಪುಟ ಮುಂದಿಟ್ಟುಕೊಂಡು ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಅಂತ ಎಣಿಸಿದರು. ಹಾಗಾಗಿ 100 ಬಿಲ್ಲೆಯಲ್ಲಿ 12 ಇ, ಒಂದೇ ಒಂದು ಕ್ಯೂ. ಪತ್ರಿಕೆಯಲ್ಲಿ ಅಕ್ಷರ ಎಣಿಸುವ ಕೆಲಸಕ್ಕೂ ಬೆಲೆ ಬರುತ್ತದೆ ಅಂತ ನಮ್ಮ ಪ್ರೂಫ್ ನೋಡುವವರಿಗೆ ತೋರಿಸಿದ್ದೇನೆ. ಅವರು ನಗಲಿಲ್ಲ.

ಈಗ ನಿಷೇಧದ ವಿಷಯ. ಬೇಡ. ನಿಷೇಧ ಮಾಡಿದರೆ ಕ್ಯೂ, ಎಕ್ಸ್, ಝೆಡ್ ಕೈಯಲ್ಲಿ ಹಿಡಿದು ಒದ್ದಾಡುವವರು ನೀವೂ ಹೌದು. ಅದರ ಬದಲು ಆಟಕ್ಕೆ ಮೊದಲು ಯಾವ ಡಿಕ್ಷನರಿ ಅಂತ ಇಬ್ಬರೂ ಒಪ್ಪಿಕೊಳ್ಳಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಅಮೆರಿಕದ ಪಟ್ಟಿ ಬೇರೆ, ಬ್ರಿಟನ್ನಿನ ಕಾಲಿನ್ಸ್ ಡಿಕ್ಷನರಿಯವರ ಪಟ್ಟಿ ಬೇರೆ. 2019ರ ಕಾಲಿನ್ಸ್ ಪಟ್ಟಿಯಲ್ಲಿ ಎರಡಕ್ಷರದ ಪದಗಳು 127. ಯಾಕ್ ಮತ್ತು ಹಸುವಿಗೆ ಹುಟ್ಟಿದ ಮಿಶ್ರತಳಿಗೆ ಹೇಳುವ ಝೆಡ್-ಓ ಕಾಲಿನ್ಸಿನಲ್ಲಿ ಇದೆ, ಅಮೆರಿಕದವರಲ್ಲಿ ಇಲ್ಲ. ನಾವು ದಿನಕ್ಕೆ ನೂರು ಸಲ ಹೇಳುವ 'ಓಕೆ' ಅಮೆರಿಕದವರ ಪುಸ್ತಕಕ್ಕೆ ಬಂದದ್ದೇ 2018ರಲ್ಲಿ. ಅಲ್ಲಿಯವರೆಗೆ ಅದನ್ನು ಇಟ್ಟವರ ಗತಿ ಏನಾಗಿರಬೇಡ! ಇನ್ನೊಂದು, 'ವಿ' ಇರುವ ಎರಡಕ್ಷರದ ಪದ ಎರಡೂ ಕಡೆ ಒಂದೂ ಇಲ್ಲ. ನೀವು ಇಟ್ಟ ಪದದಲ್ಲಿ ವಿ ಇದ್ದರೆ ಅದರ ಮಗ್ಗುಲಲ್ಲಿ ಹುಡುಗಿಗೆ ಎರಡಕ್ಷರದ ಆಟ ನಡೆಯುವುದಿಲ್ಲ. ಇದನ್ನು ಗುಟ್ಟಾಗಿ ಇಟ್ಟುಕೊಳ್ಳಿ.

ಜೊತೆಗೆ ಮನೆಯ ಕಾನೂನು ಒಂದು ಮಾಡಿ. ಪದ ಇಟ್ಟವರು ಅರ್ಥ ಹೇಳಬೇಕು. ಹೇಳದಿದ್ದರೆ ಪಾಯಿಂಟ್ ಅರ್ಧ. ಆಟದ ನಿಯಮದಲ್ಲಿ ಇದು ಇಲ್ಲ, ಆದರೆ ಮನೆ ನಿಮ್ಮದು.

ಆಮೇಲೆ ಕಾಯಿರಿ. ಇವತ್ತೋ ನಾಳೆಯೋ ಅವಳು ಎ-ಐ ಇಡುತ್ತಾಳೆ. ಅರ್ಥ ಕೇಳಿ. ಕಂಪ್ಯೂಟರು, ಬುದ್ಧಿ, ಅದು ಇದು ಅಂತ ಶುರು ಮಾಡುತ್ತಾಳೆ. ಹಾಗೆ ಮೊದಲಕ್ಷರ ಜೋಡಿಸಿ ಮಾಡಿದ ಹೆಸರು ಈ ಆಟದಲ್ಲಿ ನಡೆಯುವುದಿಲ್ಲ ಅನ್ನಿ. ಎ-ಐ ಅಂದರೆ ದಕ್ಷಿಣ ಅಮೆರಿಕದ ಮರಗಳಲ್ಲಿ ನೇತಾಡುವ, ಕಾಲಿಗೆ ಮೂರು ಉಗುರಿನ, ಮಹಾ ಸೋಮಾರಿ ಪ್ರಾಣಿ. ಓದುವುದು 'ಆ-ಈ'. ಪಕ್ಕದ ಮರಾಠಿ ಮನೆಯ ಮಕ್ಕಳು ಅಮ್ಮನನ್ನು ಕರೆಯುವ ಹಾಗೇ ಕೇಳಿಸುತ್ತದೆ, ಜೋರಾಗಿ ಹೇಳಬೇಡಿ.

ಪಾಯಿಂಟ್ ಎಷ್ಟಾಯಿತು ಅಂತ ಬರೆಯಿರಿ.

ಸಂಪಾದಕ