ದುಬೈನಲ್ಲಿ ಕಟ್ಟಿದ ವ್ಯಾಟ್, ಗೋವಾದಲ್ಲಿ ಕಟ್ಟುವ ಸುಂಕ

ಪ್ರಶ್ನೆ: ಮಗಳ ಬಾಣಂತನಕ್ಕೆ ನಾನು, ನಮ್ಮ ಮನೆಯವರು ಎರಡು ತಿಂಗಳು ದುಬೈಗೆ ಹೊರಟಿದ್ದೇವೆ. ಬರುವಾಗ ಒಂದು ಲಕ್ಷದ ಮೊಬೈಲ್, 40 ಸಾವಿರದ ಟಿವಿ ತಗೊಂಡು ಹೋಗಿ ಅನ್ನುತ್ತಿದ್ದಾನೆ ಅಳಿಯ. ಅಲ್ಲಿ ಅಂಗಡಿಯಲ್ಲೇ ತೆರಿಗೆ ಕಟ್ಟಿರುತ್ತೇವಲ್ಲ, ಗೋವಾದಲ್ಲಿ ಇಳಿದಾಗ ಮತ್ತೆ ಜಿಎಸ್‌ಟಿ ಕಟ್ಟಬೇಕಾ? ಇಬ್ಬರ ವಿನಾಯಿತಿ ಸೇರಿಸಿ ತೋರಿಸಬಹುದಾ?
ನಿವೃತ್ತ ಶಿಕ್ಷಕಿ, ಟಿಳಕವಾಡಿ, ಬೆಳಗಾವಿ

ಉತ್ತರ: ಹೊರಡುವ ಮೊದಲೇ ಕೇಳಿದ್ದು ಬಹಳ ಒಳ್ಳೆಯದಾಯಿತು. ಇಂಥ ಪ್ರಶ್ನೆ ನನಗೆ ಬರುವುದು ಹೆಚ್ಚಾಗಿ ಸಾಮಾನು ಹಿಡಿದಿಟ್ಟ ಮೇಲೆ.

ಅಲ್ಲಿನ ತೆರಿಗೆಗೂ ಇಲ್ಲಿನ ಸುಂಕಕ್ಕೂ ಸಂಬಂಧವಿಲ್ಲ. ಅಲ್ಲಿ ಕಟ್ಟಿದ್ದನ್ನು ಇಲ್ಲಿ ಕಳೆಯುವುದಿಲ್ಲ. ಆದರೆ ಜತೆಗೆ ತಂದ ಸಾಮಾನಿಗೆ ಇಲ್ಲಿ ಜಿಎಸ್‌ಟಿಯೂ ಇಲ್ಲ. ಅದರ ಬದಲು ಒಂದೇ ದರದ ಬ್ಯಾಗೇಜ್ ಸುಂಕ: 35%, ಆ ಸುಂಕದ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್. ಒಟ್ಟು 38.5%.

ಹೊಸ ಸಾಮಾನಿಗೆ ವಿನಾಯಿತಿ ಮೊದಲು 50 ಸಾವಿರ ಇತ್ತು, 2026ರ ಫೆಬ್ರವರಿಯಿಂದ 75 ಸಾವಿರ ಆಗಿದೆ. ಇದು ತಲೆಗೆ ಇಷ್ಟು ಅಂತ. ಗಂಡ ಹೆಂಡತಿ ಇಬ್ಬರದೂ ಸೇರಿಸಿ ಒಂದೇ ಮೊಬೈಲಿಗೆ ತೋರಿಸಲು ಬರುವುದಿಲ್ಲ. ಒಂದು ಲಕ್ಷದಲ್ಲಿ 75 ಸಾವಿರ ಕಳೆದರೆ ಉಳಿಯುವುದು 25 ಸಾವಿರ. ಅದಕ್ಕೆ ಸುಂಕ 9,625 ರೂಪಾಯಿ. ಹಳೆಯ ಬಟ್ಟೆ, ಬಳಸುತ್ತಿರುವ ಸಾಮಾನು ಈ ಲೆಕ್ಕಕ್ಕೆ ಬರುವುದಿಲ್ಲ. 18 ದಾಟಿದವರು ಒಂದು ಲ್ಯಾಪ್‌ಟಾಪ್ ಸುಂಕವಿಲ್ಲದೆ ತರಬಹುದು.

ಇನ್ನು ದುಬೈ ಕಡೆಯ ಮಾತು. ಅಲ್ಲಿ ಅಂಗಡಿಯಲ್ಲಿ ಕಟ್ಟುವ ತೆರಿಗೆ, ಅಂದರೆ ವ್ಯಾಟ್, 5%. ಪ್ರವಾಸಿಗರಿಗೆ ಅದನ್ನು ವಾಪಸ್ ಕೊಡುವ ವ್ಯವಸ್ಥೆ 2018ರಿಂದ ಇದೆ. ಪೂರ್ತಿ ಬರುವುದಿಲ್ಲ, ಸ್ವಲ್ಪ ಹಿಡಿದುಕೊಳ್ಳುತ್ತಾರೆ. ಅಂಗಡಿ ಆ ಯೋಜನೆಯಲ್ಲಿ ಇರಬೇಕು, ಬಿಲ್ಲು ಕನಿಷ್ಠ 250 ದಿರ್ಹಮ್ ಆಗಿರಬೇಕು, ಕೊಂಡು 90 ದಿನದೊಳಗೆ ದೇಶ ಬಿಡಬೇಕು. ನಮ್ಮವರು ಎಡವುವುದು ಬೇರೆ ಕಡೆ. ಪ್ರೀತಿಯಿಂದ ಅಳಿಯಂದಿರೇ ಕಾರ್ಡ್ ಉಜ್ಜಿ, ತಮ್ಮ ಹೆಸರಿಗೆ ಬಿಲ್ ಮಾಡಿಸಿಬಿಡುತ್ತಾರೆ. ಅವರು ಅಲ್ಲಿನ ನಿವಾಸಿ, ಅವರಿಗೆ ಈ ಹಣ ಸಿಗುವುದಿಲ್ಲ. ಆದ್ದರಿಂದ ನಿಮ್ಮ ಪಾಸ್‌ಪೋರ್ಟ್ ತೋರಿಸಿ ನಿಮ್ಮ ಹೆಸರಿಗೇ ಮಾಡಿಸಿ. ಊರಿಗೆ ಹೊರಡುವ ದಿನ ಬ್ಯಾಗು ಚೆಕ್-ಇನ್‌ಗೆ ಕೊಡುವ ಮೊದಲೇ ರೀಫಂಡ್ ಕೌಂಟರಿಗೆ ಹೋಗಿ. ಸಾಮಾನು ತೋರಿಸಿ ಅಂದರೆ ತೋರಿಸಬೇಕಾಗುತ್ತದೆ, ಬ್ಯಾಗಿನ ಜತೆ ಅದೂ ಚೆಕ್-ಇನ್‌ಗೆ ಹೋಗಿಬಿಟ್ಟಿದ್ದರೆ ಮುಗಿಯಿತು.

ಡಬ್ಬಿ ಬಿಸಾಕಿ ಮೊಬೈಲ್ ಜೇಬಿನಲ್ಲಿ ಇಟ್ಟುಕೊಂಡರೆ ಯಾರಿಗೂ ಗೊತ್ತಾಗಲ್ಲ ಅಂತ ನಿಮಗೆ ಯಾರಾದರೂ ಹೇಳಿಯೇ ಹೇಳುತ್ತಾರೆ. ದಯವಿಟ್ಟು ಕೇಳಬೇಡಿ. ಗೋವಾದಲ್ಲಿ ಇಳಿದವರೇ ಬಿಲ್ಲು ಕೈಯಲ್ಲಿ ಹಿಡಿದು ಕೆಂಪು ದಾರಿಗೆ, ಅಂದರೆ ಸುಂಕ ಕಟ್ಟುವ ಸಾಮಾನು ಇದ್ದವರ ಸಾಲಿಗೆ ಹೋಗಿ. ಸುಂಕ ಕಟ್ಟಿ ರಸೀದಿ ತಗೊಂಡರೆ ಆಯಿತು. ಸುಂಕದ ಸಾಮಾನು ಇಲ್ಲದವರ ಹಸಿರು ದಾರಿಯಲ್ಲಿ ಸಿಕ್ಕಿಬಿದ್ದರೆ ಸಾಮಾನು ಜಪ್ತಿ, ಮೇಲೆ ದಂಡ. ಎರಡು ತಿಂಗಳು ಮೊಮ್ಮಗುವನ್ನು ಎತ್ತಿ ಆಡಿಸಿ ಬಂದವರಿಗೆ ಆ ಕೌಂಟರಿನ ಮುಂದೆ ನಿಲ್ಲುವ ಅವಮಾನ ಯಾಕೆ ಬೇಕು?

ನೀವು ಕೇಳದಿದ್ದರೂ ಒಂದು ಮಾತು. ಪಾಟಲಿ, ಬಿಲ್ವಾರ, ಬೋರಮಾಳ ಸರ ಹಾಕಿಕೊಂಡು ಹೋಗುವುದಾದರೆ ಇಲ್ಲಿಂದ ಹೊರಡುವಾಗಲೇ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಬರುವಾಗ ಅದು ಅಲ್ಲಿ ಕೊಂಡದ್ದಲ್ಲ ಅಂತ ನೀವೇ ತೋರಿಸಿಕೊಡಬೇಕಾದೀತು. ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಒಡವೆ ಸುಂಕವಿಲ್ಲದೆ ತರಬಹುದು ಅನ್ನುತ್ತಾರಲ್ಲ, ಅದು ಹೊರದೇಶದಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಇದ್ದವರಿಗೆ. ನಿಮಗೆ ಅನ್ವಯಿಸುವುದಿಲ್ಲ.

ಟಿವಿ ಮಾತ್ರ ಬೇಡ. ತೆಳು ಪರದೆಯ ಟಿವಿಗೆ 2013ರಿಂದ ವಿನಾಯಿತಿಯೇ ಇಲ್ಲ, ಮೊದಲ ರೂಪಾಯಿಯಿಂದಲೇ ಸುಂಕ. 40 ಸಾವಿರಕ್ಕೆ 15,400 ಕಟ್ಟಿ, ಚೋರ್ಲಾ ಘಾಟಿನ ತಿರುವುಗಳಲ್ಲಿ ಅದನ್ನು ಜೋಪಾನವಾಗಿ ಹಿಡಿದು ತರುವ ಬದಲು ಬೆಳಗಾವಿಯಲ್ಲೇ ತಗೊಳ್ಳಿ. ಕೆಟ್ಟರೆ ಹೇಳುವುದಕ್ಕೆ ಅಂಗಡಿಯಾದರೂ ಹತ್ತಿರ ಇರುತ್ತದೆ.