ಮಾತು ಕೊಟ್ಟು ಟೀಮ್ ಬದಲಾಯಿಸಿದ್ರೆ ಮೋಸನಾ?
ಅಮೆರಿಕನ್ ಫುಟ್‌ಬಾಲ್ ಆಡೋ ಹುಡುಗ ಬ್ರೈಸ್ ಅಂಡರ್‌ವುಡ್ ಕಾಲೇಜ್ ಟೀಮ್ ಆರಿಸ್ಕೊಳ್ಳುವಾಗ ಎಲ್‌ಎಸ್‌ಯುಗೆ (ಲೂಸಿಯಾನ ಸ್ಟೇಟ್ ಯೂನಿವರ್ಸಿಟಿ) ಹೂಂ ಅಂದು ಆಮೇಲೆ ಮಿಶಿಗನ್ ಯೂನಿವರ್ಸಿಟಿಗೆ ಹೋಗಿದ್ದು ಮೋಸ ಅಲ್ವಾ ಅಂತ ಕೇಳಿದೀರಲ್ಲ, ಖಂಡಿತ ಅಲ್ಲ ಸರ್. ಬಾಯ್ಮಾತಿನ ಕಮಿಟ್‌ಮೆಂಟ್‌ಗೆ ಎರಡೂ ಕಡೆ ಕಟ್ಟುಪಾಡಿಲ್ಲ, ಡಿಸೆಂಬರ್‌ನಲ್ಲಿ ಸೈನ್ ಹಾಕೋವರೆಗೂ ಕಾಲೇಜೂ ಹುಡುಗನ್ನ ಕೈಬಿಡಬಹುದು, ಆಗ ಯಾರೂ ತುಟಿ ಬಿಚ್ಚಲ್ಲ. ಇವನ ಊರು ಬೆಲ್‌ವಿಲ್, ಮಿಶಿಗನ್ ಯೂನಿವರ್ಸಿಟಿ ಇರೋ ಆನ್ ಆರ್ಬರ್‌ನ ಮಗ್ಗುಲಲ್ಲೇ ಇದೆ, ಜೊತೆಗೆ 2021ರಿಂದ ಆಟಗಾರರು ತಮ್ಮ ಹೆಸರಲ್ಲಿ ದುಡ್ಡೂ ಮಾಡ್ಕೋಬಹುದು, ಮನೆ ಹತ್ರ ಒಳ್ಳೆ ಅವಕಾಶ ಸಿಕ್ರೆ ಯಾರು ಬಿಡ್ತಾರೆ? ಫ್ಯಾನ್ಸ್ ಸಿಟ್ಟಂತೀರಾ, ಅದಕ್ಕೆ ತಳಬುಡ ಇಲ್ಲ. 2024ರ ನವೆಂಬರ್‌ನಲ್ಲಿ ಓಹಾಯೊ ಸ್ಟೇಟ್ ಯೂನಿವರ್ಸಿಟಿ ಟೀಮ್ ತನ್ನೂರು ಕೊಲಂಬಸ್ಸಲ್ಲೇ ಮಿಶಿಗನ್‌ಗೆ 13-10ರಲ್ಲಿ ಸೋತಾಗ, ಸತತ ನಾಲ್ಕನೇ ಸೋಲು ಬೇರೆ, ಅದರ ಫ್ಯಾನ್ಸ್ ಕೋಚ್ ರಯಾನ್ ಡೇನ ಕಿತ್ತಾಕಿ ಅಂತ ಕೂಗಾಡಿದ್ರು, ಅದೇ ಓಹಾಯೊ ಟೀಮ್ ಮುಂದಿನ ಜನವರಿಲಿ ನ್ಯಾಷನಲ್ ಚಾಂಪಿಯನ್ ಆಯ್ತು.